ಜಗಳಾಡಿದವರನ್ನು ಜೋಡಿ ಮಾಡುವ ಸಾವಿತ್ರೆವ್ವ

ಇಳಕಲ್ಲಿನ ಚಹಾದಂಗಡಿಗಳ ಒಲೆ ಇನ್ನೂ ಹೊತ್ತಿಲ್ಲ. ಊರಾಚೆಯ ಬಯಲಿನಲ್ಲಿ ಸಾವಿತ್ರೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನಿಂತು ಸುಣ್ಣದ ಪುಡಿಯಿಂದ ಕಬಡ್ಡಿ ಅಂಕಣದ ಗೆರೆ ಎಳೆಯುತ್ತಿದ್ದಾರೆ. ಕಣ್ಣುಜ್ಜುತ್ತ ಬರುವ ಹುಡುಗರಿಗೆ ಕುಶಲ ಪ್ರಶ್ನೆಯಿಲ್ಲ, ನೇರ ವಿಚಾರಣೆ. "ನಿನ್ನೆ ಯಾರ್ ಯಾರು ಜಗಳಾಡೀರಿ? ಮುಂದ ಬರ್ರಿ."

ಇಬ್ಬರು ತಲೆ ತಗ್ಗಿಸಿ ಮುಂದೆ ಬರುತ್ತಾರೆ. ಬೈಕ್ ತಾಗಿದ್ದಕ್ಕೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದವರಂತೆ. ಅವರಿಗೆ ಶಿಕ್ಷೆ ಒಂದೇ. ಇವತ್ತಿನ ಆಟ ಮುಗಿಯುವವರೆಗೆ ಇಬ್ಬರೂ ಒಂದೇ ತಂಡದಲ್ಲಿ, ಅಕ್ಕಪಕ್ಕ, ಕೈ ಕೈ ಹಿಡಿದು ನಿಲ್ಲಬೇಕು. ರೇಡ್‌ಗೆ ಬಂದವನನ್ನು ಹಿಡಿಯಬೇಕಾದರೆ ಒಟ್ಟಿಗೆ ನುಗ್ಗಬೇಕು. ಒಬ್ಬ ಮುನಿಸಿಕೊಂಡು ಹಿಂದೆ ಉಳಿದರೆ ಇಬ್ಬರೂ ಮಣ್ಣು ಮುಕ್ಕಬೇಕು. ಮೊದಮೊದಲು ಇಬ್ಬರೂ ಒಲ್ಲದ ಮದುವೆಯ ಮದುಮಕ್ಕಳಂತೆ ಮುಖ ತಿರುಗಿಸಿಕೊಂಡಿರುತ್ತಾರೆ. ಆಮೇಲೆ ಬೆವರು ಬರುತ್ತದೆ, ಬೈಗುಳ ಬರುತ್ತದೆ, ತಡವಾಗಿಯಾದರೂ ನಗು ಬರುತ್ತದೆ.

ನಲವತ್ತಾರರ ಸಾವಿತ್ರೆವ್ವ ನೇಕಾರರ ಮನೆಯವರು. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಅವರ ಹಗಲಿನ ಕೆಲಸ. ಅಲ್ಲೂ ಕೂಡಿಸುತ್ತೀರಿ, ಇಲ್ಲೂ ಕೂಡಿಸುತ್ತೀರಿ ಎಂದು ನಾನು ಲೇಖಕನ ಗತ್ತಿನಲ್ಲಿ ಹೇಳಿದರೆ ಅವರು ನಕ್ಕು ನೀರಿಳಿಸುತ್ತಾರೆ. "ನೂಲು ತಿರುಗಿ ಮಾತಾಡೂದಿಲ್ರಿ. ಇವು ಮಾತಾಡ್ತಾವು."

ಹೈಸ್ಕೂಲಿನಲ್ಲಿ ಹುನಗುಂದ ತಾಲ್ಲೂಕು ತಂಡಕ್ಕೆ ಆಡಿದವರು ಅವರು. ಮದುವೆಯಾದ ಮೇಲೆ ಆಟ ನಿಂತಿತು. ತಮ್ಮ ಓಣಿಯ ಹುಡುಗರೂ ಪಕ್ಕದ ಓಣಿಯವರೂ ಸಂಜೆಯಾದರೆ ಬಡಿಗೆ ಹಿಡಿದು ನಿಲ್ಲುವುದನ್ನು ನೋಡಿ ನೋಡಿ ಬೇಸತ್ತು, ಎರಡು ವರ್ಷದ ಹಿಂದೆ ಅವರನ್ನೆಲ್ಲ ಬಯಲಿಗೆ ಎಳೆತಂದರು. ಆಗ ಆದ ಎಡವಟ್ಟನ್ನು ಅವರು ಮುಚ್ಚಿಡುವುದಿಲ್ಲ. "ಈ ಓಣಿಗೂ ಆ ಓಣಿಗೂ ಮ್ಯಾಚ್ ಇಟ್ಟೆ. ಬಡದಾಡೂ ಬದಲಿ ಆಡ್ಲಿ ಅಂತ. ನನಗ ಬುದ್ಧಿ ಇರ್ಲಿಲ್ರಿ. ಬಡದಾಡೂ ಮಂದೀನ್ನ ನಾನ ಎರಡು ಸಾಲು ಮಾಡಿ, ಎದುರಾಬದುರಾ ನಿಲ್ಸಿದಂಗಾತು."

ಒಂದು ಅಂಕದ ತಕರಾರು ಬಡಿಗೆಗೆ ಹೋಯಿತು. ಆಚೆ ಓಣಿಯ ಮುತ್ತುರಾಜ, ಆಗಿನ್ನೂ ಹತ್ತೊಂಬತ್ತರವನು, ಬೀಸಿದ ಏಟು ಸಾವಿತ್ರೆವ್ವನ ಮಗ ವೀರೇಶನ ಬಲಗೈಗೆ ಬಿತ್ತು. ಬಾಗಲಕೋಟೆಯಲ್ಲಿ ಆಪರೇಷನ್ ಆದರೂ ಬೆರಳು ಮಡಚಲಿಲ್ಲ. ಮಗ್ಗದಲ್ಲಿ ಲಾಳಿ ಓಡಿಸುತ್ತಿದ್ದ ಹುಡುಗ ಈಗ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಾನೆ.

ಪೊಲೀಸರಿಗೆ ದೂರು ಕೊಟ್ಟವರು ಸಾವಿತ್ರೆವ್ವ. ಜಾಮೀನಾದ ಮೇಲೆ ಚೊಳಚಗುಡ್ಡದ ಸೋದರಮಾವನ ಮನೆ ಸೇರಿದ್ದ ಮುತ್ತುರಾಜನನ್ನು ಬಸ್ಸು ಹತ್ತಿ ಹೋಗಿ ಕರೆತಂದವರೂ ಅವರೇ. ಓಣಿಯವರು ಹುಚ್ಚು ಹಿಡಿದಿದೆ ಎಂದರು. "ಕೋರ್ಟಿಂದು ಕೋರ್ಟ್ ನೋಡಕೋತೈತಿ. ಹೆದರಿ ಅಡಗಿ ಕುಂತ ಹುಡುಗ ಸುಧಾರಸ್ತಾನೇನ್ರಿ? ನಾಳೆ ಇನ್ನೊಬ್ಬಾಕಿ ಮಗನ ಕೈ ಮುರೀತಾನ" ಎನ್ನುತ್ತಾರೆ. ಅಂದಿನಿಂದ ಓಣಿಗೊಂದು ತಂಡ ಎನ್ನುವ ಮಾತೇ ಇಲ್ಲ. ಯಾವ ತಂಡವಾದರೂ ಎರಡೂ ಓಣಿಯವರು ಇರಲೇಬೇಕು. ಈಗ ಸುಮಾರು ಮೂವತ್ತು ಹುಡುಗರು ಬರುತ್ತಾರೆ. ಈ ವರ್ಷ ಎರಡು ಓಣಿಗಳ ನಡುವಿನ ಒಂದು ಜಗಳವೂ ಠಾಣೆಯ ಮೆಟ್ಟಿಲು ಹತ್ತಿಲ್ಲ.

ಆದರೆ ವೀರೇಶ ಮಾತ್ರ ಬಯಲಿಗೆ ಕಾಲಿಟ್ಟಿರಲಿಲ್ಲ. "ಅವನ್ನ ಕರಕೊಂಬಂದಿಯಲ್ಲ, ಅವನ್ನ ಆಡಿಸಕೋ" ಎಂದು ಅವ್ವನಿಗೆ ಹೇಳಿದವನು, ಊಟಕ್ಕೆ ಕೂತಾಗ ಆಟದ ಸುದ್ದಿ ಬಂದರೂ ತಟ್ಟೆ ಬಿಟ್ಟು ಏಳುತ್ತಿದ್ದ. "ಮಂದಿ ಮಕ್ಕಳನ್ನ ಕೂಡ್ಸಾಕ ಹೋಗಿ ನನ್ನ ಮಗನ್ನ ಕಳಕೊಂಡೆ ಅನ್ನಸ್ತಿತ್ರಿ" ಎನ್ನುವಾಗ ಸಾವಿತ್ರೆವ್ವನ ದನಿ ಕುಗ್ಗುತ್ತದೆ.

ನಾನು ಹೋದ ದಿನ, ಗುಡೂರಿನಲ್ಲಿ ಆಡಬೇಕಿರುವ ಪಂದ್ಯದ ತಾಲೀಮಿಗೆ ತಂಡದಲ್ಲಿ ಒಬ್ಬ ಕಡಿಮೆ. ತಂಡದ ಬಾಯಿಬಡುಕ ಅರ್ಷದ, ಬೈಕಿನ ಹಿಂದೆ ವೀರೇಶನನ್ನು ಕೂರಿಸಿಕೊಂಡು ಬಂದೇಬಿಡುತ್ತಾನೆ. "ಅಕ್ಕಾರ, ಬೈಬ್ಯಾಡ್ರಿ. ಚಾ ಕುಡಸ್ತೇನಿ ಅಂತ ಸುಳ್ಳು ಹೇಳಿ ತಂದೇನಿ."

ವೀರೇಶ ಸಿಟ್ಟಿನಿಂದ ಇಳಿಯುತ್ತಾನೆ, ಆದರೆ ಹೋಗುವುದಿಲ್ಲ. ಬಹಳ ಹೊತ್ತು ಆಟ ನೋಡುತ್ತ ನಿಲ್ಲುತ್ತಾನೆ. ಅವ್ವ ಕರೆಯುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಕೊನೆಗೆ ಅವನೇ ಚಪ್ಪಲಿ ಬಿಟ್ಟು ಗೆರೆಯೊಳಗೆ ಬರುತ್ತಾನೆ.

ಮಗ ಎಂದು ಸಾವಿತ್ರೆವ್ವ ನಿಯಮ ಬದಲಿಸುವುದಿಲ್ಲ. ಮುತ್ತುರಾಜನ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಮುತ್ತುರಾಜ ಕೈ ಚಾಚುತ್ತಾನೆ. ವೀರೇಶ ನೆಲ ನೋಡುತ್ತ ಬಲಗೈ ಕೊಡುತ್ತಾನೆ. ತಾನೇ ಮುರಿದ ಆ ಕೈಯನ್ನು ಮುತ್ತುರಾಜ ಗಾಜಿನ ಬಳೆಯಂತೆ ಅಂಜುತ್ತ ಮುಟ್ಟುತ್ತಾನೆ. ರೇಡ್‌ಗೆ ಬಂದ ಅರ್ಷದನ ಮೇಲೆ ಇಬ್ಬರೂ ನುಗ್ಗಿದ್ದೇ ತಡ, ಕೈ ಬಿಟ್ಟುಹೋಗುತ್ತದೆ. ಅರ್ಷದ ಇಬ್ಬರನ್ನೂ ಮುಟ್ಟಿ ನಗುತ್ತ ಗೆರೆ ದಾಟುತ್ತಾನೆ.

ಸಾವಿತ್ರೆವ್ವ ಸಿಡಿಯುತ್ತಾರೆ. ಬೈಗುಳ ಮಗನಿಗಲ್ಲ.

"ಏ ಮುತ್ತು, ಬಿಗಿ ಹಿಡಿಯೋ! ಅವನ ಬೆರಳು ಮಡಚೂದಿಲ್ಲ. ಇಬ್ಬರ ಪಾಲಿಂದೂ ನೀನ ಹಿಡೀಬೇಕು."