ಖಾಲಿ ಹೊಟ್ಟೆಯ ರಕ್ತ

ಬೆರಳಿಟ್ಟರೆ ಗುಳಿ ಬೀಳುವಷ್ಟು ಅವ್ವನ ಪಾದ ಊದಿದಾಗ ಅವಳನ್ನು ಬಸ್ಸು ಹತ್ತಿಸಿ ತೀರ್ಥಹಳ್ಳಿಗೆ ಕರೆದುಕೊಂಡು ಹೋದೆ. ಮಂಡಿನೋವಿನ ಹೊಸ ಮಾತ್ರೆಯ ಸಂಶೋಧನೆಗೆಂದು ಅವ್ವನೂ ಸೇರಿದಂತೆ ಹೊಸನಗರ ಕಡೆಯ ನಮ್ಮ ಕೇರಿಯ ಹನ್ನೆರಡು ಹೆಂಗಸರನ್ನು ಸೇರಿಸಿಕೊಂಡಿದ್ದ ಡಾಕ್ಟರ ಕ್ಲಿನಿಕ್ ಅಲ್ಲಿತ್ತು.

ಅವನು ಪಾದ ನೋಡಲಿಲ್ಲ. (ಬಹುವಚನ ಅವನಿಗೆ ನಾನು ಕೊಟ್ಟದ್ದು ಬಾಯಲ್ಲಿ ಮಾತ್ರ.) "ಉಪ್ಪಿನಕಾಯಿ ಕಮ್ಮಿ ಮಾಡೋಕೆ ಹೇಳಮ್ಮ. ಮಾತ್ರೆ ಬಿಡೋದು ಬೇಡ."

"ರಕ್ತ ಒಂದ್ಸಲ ಪರೀಕ್ಷೆ ಮಾಡಿಸ್ಬಹುದಾ ಸಾರ್?"

"ನೀನೇನು ಡಾಕ್ಟರಾ?"

"ಅಲ್ಲ ಸಾರ್, ಬಿ.ಎ."

ಅವನು ನಕ್ಕ, ಕಂಪೌಂಡರೂ ನಕ್ಕ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಆ ಬಿ.ಎ.ಗಾಗಿ ಕಂಡವರ ಗದ್ದೆಯಲ್ಲಿ ಸಸಿ ನಟ್ಟೂ ನಟ್ಟೂ ಸವೆದ ಮಂಡಿಯೇ ಅವ್ವನನ್ನು ಆ ಮಾತ್ರೆಯ ತನಕ ತಂದದ್ದು.

ಸಾಗರದ ಇನ್ನೊಬ್ಬ ಡಾಕ್ಟರು ಮಾತ್ರೆ ನಿಲ್ಲಿಸಿದರು. ಮೂತ್ರಪಿಂಡ ಅಷ್ಟರಲ್ಲೇ ಪೆಟ್ಟು ತಿಂದಿತ್ತು. ತೀರ್ಥಹಳ್ಳಿಯವನ ವರದಿಯಲ್ಲಿ ಮಾತ್ರ ಒಬ್ಬರಿಗೂ ಊತ ಬಂದಿರಲಿಲ್ಲ. ಕೇರಿಯ ಉಳಿದವರು ಇನ್ನೂ ಅದನ್ನೇ ನುಂಗುತ್ತಿದ್ದರು. ಮನೆಮನೆಗೆ ಹೋಗಿ ಬಿಡಿಸಿದೆ. ನಾನಾಗ ಸಾಗರದ ಸಣ್ಣ ಪತ್ರಿಕೆಯೊಂದರ ವರದಿಗಾರ್ತಿ. ಸುಳ್ಳು ಯಾಕೆ, ಸುದ್ದಿಗಿಂತ ಮೊದಲು ನನಗೆ ಬೇಕಿದ್ದದ್ದು ಅವನು ಬೀಳುವುದು.

ಸಂಶೋಧನೆಗೆ ಒಪ್ಪಿಗೆ ಕೊಟ್ಟಿದ್ದ ಸಮಿತಿಗೆ ಹನ್ನೆರಡೂ ಜನರಿಂದ ಅರ್ಜಿ ಬರೆಸಿ, ಅವರವರ ದಾಖಲೆ ತರಿಸಿಕೊಂಡೆ. ಎರಡನೇ ಸುತ್ತಿನ ರಕ್ತಪರೀಕ್ಷೆಯ ಹಾಳೆಗಳಲ್ಲೆಲ್ಲ ಒಂದೇ ದಿನ, ಒಂದೇ ಹೊತ್ತು: ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ, ಮನೆಯಲ್ಲೇ ರಕ್ತ ತೆಗೆಯಲಾಗಿದೆ. ಕ್ಯಾಲೆಂಡರ್ ತಿರುವಿ ಆ ದಿನ ಹುಡುಕಿದೆ. ಭೂಮಿ ಹುಣ್ಣಿಮೆ.

ಬಸುರಿ ಭೂಮಿಗೆ ಬಯಕೆಯೂಟ ಹಾಕುವ ದಿನ ಅದು. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ನೆಲಕ್ಕೆ ಎಡೆಯಿಟ್ಟು ಅಲ್ಲೇ ಉಂಡು ಬರುತ್ತೇವೆ.

"ಏಳು ಗಂಟೇಲಿ ನಮ್ ಕೇರೀಲಿ ನಾಯಿನೂ ಮನೇಲಿರಲ್ಲ ಮಾರಾಯ್ತಿ. ಮೊದ್ಲ ಸಲ ರಕ್ತ ತಗಂಡೋದ್ಮೇಲೆ ಎರಡನೇ ಸಲ ಬಂದವ್ರು ಯಾರು?" ಎಂದಳು ಅವ್ವ.

ಪಕ್ಕದ ಮನೆಯ ಅತ್ತೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದಳು. "ನಾನಾಗ ಆರನೇ ಕಡುಬಲ್ಲಿದ್ದೆ. ಅದ್ಯಾವ ಖಾಲಿ ಹೊಟ್ಟೆ ಸಿಕ್ತಂತೆ ಅವಂಗೆ?"

ಅವಳ ಮಗನ ಮೊಬೈಲಿನಲ್ಲಿ ಆ ಬೆಳಗಿನ ಫೋಟೋಗಳಿದ್ದವು, ತಾರೀಖು, ಗಂಟೆ ಸಮೇತ. ಸರಿಯಾಗಿ ಏಳಕ್ಕೆ ಗದ್ದೆಬದುವಿನಲ್ಲಿ ಹನ್ನೆರಡೂ ಜನ, ಊಟದೆಲೆ ಮುಂದೆ.

ಎರಡನೇ ಸುತ್ತಿನ ರಕ್ತದ ಬಗ್ಗೆ ಪ್ರತಿಕ್ರಿಯೆ ಕೇಳಲು ಡಾಕ್ಟರಿಗೆ ಫೋನ್ ಮಾಡಿದೆ. ಬರೆದುಕೊಳ್ಳುತ್ತಿದ್ದೇನೆ ಎಂದೂ ಹೇಳಿದೆ. ಹಬ್ಬದ ಮಾತು ಮಾತ್ರ ಎತ್ತಲಿಲ್ಲ.

"ನಾನೇ ನಿಂತು ರಕ್ತ ತೆಗೆಸಿದ್ದಮ್ಮ. ನಿಮ್ಮನೆ ಜಗಲೀಲೇ ಕೂತಿದ್ದೆ. ನಿಮ್ಮಮ್ಮ ಕಾಫಿ ಕೊಟ್ರು."

"ಸಕ್ಕರೆ ಸರಿ ಇತ್ತಾ ಸಾರ್?"

"ಸ್ವಲ್ಪ ಜಾಸ್ತಿ ಇತ್ತು," ಎಂದ.

ಅವನನ್ನು ಅಲ್ಲೇ ತಡೆಯಬಹುದಿತ್ತು, ತಡೆಯಲಿಲ್ಲ. ಅವನ ಮಾತನ್ನು ಅಕ್ಷರ ಬಿಡದೆ ಫೋಟೋದ ಕೆಳಗೇ ಅಚ್ಚು ಹಾಕಿಸಿದೆ.

ಸಂಶೋಧನೆ ರದ್ದಾಯಿತು. ಮಾತ್ರೆ ವಾಪಸಾಯಿತು. ಅವ್ವನ ಊತ ಇಳಿಯಿತು, ಮೂತ್ರಪಿಂಡ ಮೊದಲಿನ ಹಾಗಾಗಲಿಲ್ಲ. ತಿಂಗಳ ನಂತರ ಅವನೇ ನಮ್ಮ ಮನೆಗೆ ಬಂದ. ವಿಚಾರಣೆಯಿತ್ತು, ತಪ್ಪು ಒಪ್ಪಿಕೊಂಡನೆಂದು ನಾನೊಂದು ಸಾಲು ಬರೆದರೆ ಅನುಕೂಲವಂತೆ.

"ಒಪ್ಕೊಳೋದು ನನ್ ಹತ್ರ ಅಲ್ಲ ಸಾರ್, ಬನ್ನಿ," ಎಂದು ಕೇರಿಗೆ ಇಳಿಸಿದೆ. ಒಂದೊಂದೇ ಬಾಗಿಲಲ್ಲಿ ನಿಲ್ಲಿಸಿ, 'ನಾನು ಬಂದಿರಲಿಲ್ಲ, ಸುಳ್ಳು ಬರೆದೆ' ಎಂದು ಅವನಿಂದ ಹೇಳಿಸಿದೆ. ಮೂರನೇ ಮನೆಯಲ್ಲಿ ಅವ್ವ ನನ್ನ ಸೆರಗು ಜಗ್ಗಿದಳು: "ಸಾಕು ಬಿಡೇ." ಬಿಡಲಿಲ್ಲ. ಹನ್ನೊಂದನೇ ಮನೆಯಲ್ಲಿ ಅವನು ನೀರು ಕೇಳಿದ. ಒಂದು ಲೋಟ ನೀರು ಕೊಡಿಸಿ, ಅವನು ಕುಡಿದು ಮುಗಿಸುವ ತನಕ ಕಾದು, ಹನ್ನೆರಡನೇ ಮನೆಗೆ ಕರೆದುಕೊಂಡು ಹೋದೆ.