ಪರದೆಯಕ್ಕನ ಮೂಗು

ಪರದೆಯಕ್ಕ ಏಣಿಯಿಂದ ಬಿದ್ದದ್ದು ಒಬ್ಬ ದಂತವೈದ್ಯರ ಮನೆಯಲ್ಲಿ. ಅಳತೆಗೆ ಹೊಲಿದ ಪರದೆಗಳನ್ನು ತಾನೇ ಹೋಗಿ ತೂಗುಹಾಕಿ ಬರುವುದು ಅವಳ ಪದ್ಧತಿ. ಹೊಲಿಗೆ ಎಷ್ಟೇ ಚೆನ್ನಾಗಿರಲಿ, ನೆರಿಗೆ ಕೂರಿಸಲು ಬಾರದವರ ಕೈಗೆ ಸಿಕ್ಕರೆ ಪರದೆ ಒಣಹಾಕಿದ ಹೊದಿಕೆಯ ಹಾಗೆ ಕಾಣುತ್ತದೆ ಎಂದು ಅವಳು ಹೇಳುತ್ತಿದ್ದಳು. ಆವತ್ತು ಕೊನೆಯ ಕಿಟಕಿಯಲ್ಲಿ ಏಣಿ ಜಾರಿತು. ತಲೆಯ ಹಿಂಭಾಗ ಗೋಡೆಯ ಅಂಚಿಗೆ ಬಡಿಯಿತು. ರಕ್ತ ಬರಲಿಲ್ಲ. ದಂತವೈದ್ಯರು ನೀರು ಕೊಟ್ಟರು, ಅವರ ಹೆಂಡತಿ ಬಟ್ಟೆಯಲ್ಲಿ ಐಸು ಕಟ್ಟಿಕೊಟ್ಟರು, ಅವಳು ಸ್ವಲ್ಪ ಹೊತ್ತು ಕೂತಿದ್ದು ಉಳಿದ ಕೊಕ್ಕೆಗಳನ್ನೂ ಸಿಕ್ಕಿಸಿಯೇ ಮನೆಗೆ ಬಂದಳು.

ಕೆಲವು ದಿನ ಕಳೆದ ಮೇಲೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಕರಟಿತು. ಹೊಗೆ ಕಣ್ಣಿಗೆ ಕಂಡಿತೇ ಹೊರತು ಮೂಗಿಗೆ ಸುಳಿವು ಸಿಗಲಿಲ್ಲ. ಅವಳು ಸೋಪು, ಕಾಫಿಪುಡಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ನೋಡಿದಳು. ಎಲ್ಲವೂ ಬರೀ ಗಾಳಿ. ಪೆಟ್ಟು ಬಿದ್ದಾಗ ಮೂಗಿನಿಂದ ಮಿದುಳಿಗೆ ಹೋಗುವ ಸಣ್ಣ ನರಗಳು ಹರಿದುಹೋಗುವುದುಂಟು ಎಂದು ಡಾಕ್ಟರು ಹೇಳಿದರು. ವಾಸನೆ ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು. ನಾಲಿಗೆ ನೆಟ್ಟಗಿದೆ, ಉಪ್ಪು ಹುಳಿ ಖಾರ ತಿಳಿಯುತ್ತದೆ, ಅದೇ ಪುಣ್ಯ ಅಂದುಕೊಳ್ಳಿ ಎಂದು ಕಳಿಸಿಕೊಟ್ಟರು.

ಆಗ ಅವಳು ಒಬ್ಬಳೇ ಇದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಪಕ್ಕದಲ್ಲೇ ಅಡುಗೆಮನೆ. ಕೆಲಸ ಮುಗಿದ ಮೇಲೆ ಬೀದಿಯ ಮೂಲೆಯ ಸೂಪರ್‌ಮಾರ್ಕೆಟ್ಟಿನಿಂದ ಏನಾದರೂ ಬೇಯಿಸಿಟ್ಟದ್ದನ್ನು ತಂದು ಬಿಸಿ ಮಾಡಿ ತಿನ್ನುತ್ತಿದ್ದಳು. ಒಂದು ಸಲ ಹಾಗೆ ತಂದ ಕೋಳಿಮಾಂಸ ತಿಂದು ಆಸ್ಪತ್ರೆ ಸೇರಿದಳು. ಡ್ರಿಪ್ ಹಾಕುತ್ತಿದ್ದ ನರ್ಸು, ಅಷ್ಟು ಕೆಟ್ಟಿದ್ದು ವಾಸನೆಯಲ್ಲೇ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಪರದೆಯಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಮನೆಗೆ ಬಂದು ಕಸದ ಬುಟ್ಟಿಯಿಂದ ಪ್ಯಾಕೆಟ್ಟನ್ನು ಹೆಕ್ಕಿ ನೋಡಿದರೆ, ಅವಳು ಕೊಂಡ ದಿನಕ್ಕಿಂತ ಎಷ್ಟೋ ಮೊದಲೇ ಅದರ ತಾರೀಕು ಮುಗಿದಿತ್ತು.

ಅಲ್ಲಿಂದ ಅವಳ ತಾರೀಕಿನ ವ್ಯವಹಾರ ಶುರುವಾಯಿತು. ಕನ್ನಡಕ ಏರಿಸಿಕೊಂಡು ಪ್ರತಿ ಡಬ್ಬಿಯನ್ನೂ ತಿರುಗಿಸಿ ನೋಡದೆ ಅವಳು ಬುಟ್ಟಿಗೆ ಹಾಕುತ್ತಿರಲಿಲ್ಲ. ನೋಡತೊಡಗಿದ ಮೇಲೆ ಕಾಣಿಸತೊಡಗಿತು: ಗಡುವು ಮುಗಿದ ಮೊಸರು, ತಿಂಗಳು ದಾಟಿದ ಚೀಸು, ಅಂಚು ಉಬ್ಬಿದ ಹಣ್ಣಿನ ರಸದ ಪೊಟ್ಟಣ. ತನಗೆ ಬೇಕಾದ್ದನ್ನು ಮಾತ್ರ ನೋಡಿಕೊಂಡು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಒಂದು ದಿನ ತಾರೀಕು ಮುಗಿದಿದ್ದ, ಕೂಸುಗಳಿಗೆ ಕೊಡುವ ಹಾಲಿನ ಪುಡಿಯ ಡಬ್ಬಿ ಹಿಂದಿನ ಸಾಲಿನಲ್ಲಿ ಸಿಕ್ಕಿತು. ಅದನ್ನು ಕಂಡೂ ಕಾಣದ ಹಾಗೆ ಬಿಟ್ಟು ಬರಲು ಅವಳಿಂದಾಗಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಒಂದು ಬುಟ್ಟಿಗೆ ತುಂಬಿ ಮ್ಯಾನೇಜರನ ಮುಂದೆ ಇಡುವುದು ರೂಢಿಯಾಯಿತು.

ಮ್ಯಾನೇಜರ ನಡುವಯಸ್ಸಿನ, ಸೌಮ್ಯ ಮಾತಿನ ಮನುಷ್ಯ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಇದ್ದುದರಿಂದ ಅವನು ಬರುವ ಮೊದಲೇ ಸದ್ದು ಬರುತ್ತಿತ್ತು. ಮೊದಮೊದಲು ಕ್ಷಮೆ ಕೇಳಿ, ಬುಟ್ಟಿ ಇಸಿದುಕೊಂಡು, ಒಮ್ಮೆ ಬಿಸ್ಕತ್ತಿನ ಪೊಟ್ಟಣವನ್ನೂ ಕೊಟ್ಟ. ಅವಳು ಅದರ ತಾರೀಕು ನೋಡಿದಳು. ಆಗಿನಿಂದ ಅವನ ಮುಖ ಸ್ವಲ್ಪ ಬಿಗಿಯಿತು. ತಾರೀಕು ದಾಟಿದ ಮರುಗಳಿಗೆಯೇ ಅದು ವಿಷವಾಗುವುದಿಲ್ಲ ಮೇಡಂ ಎಂದು ತಿಳಿಹೇಳತೊಡಗಿದ. ಅಂಗಡಿಯ ಹುಡುಗಿಯರು ಅವಳು ಒಳಗೆ ಬಂದದ್ದೇ ತಡ ಒಬ್ಬರಿಗೊಬ್ಬರು ಕಣ್ಣು ಮಾಡಿ ಅಕ್ಕಿ ಚೀಲಗಳ ಹಿಂದೆ ಸರಿಯುತ್ತಿದ್ದರು. ಎಲ್ಲದಕ್ಕೂ ಮೂಗು ತೂರಿಸುವ ಹೆಂಗಸು ಎಂದು ಅವರಲ್ಲೊಬ್ಬಳು ಆಡಿದ್ದು ಅವಳ ಕಿವಿಗೂ ಬಿತ್ತು. ಅವಳಿಗೆ ಒಳಗೊಳಗೇ ನಗು ಬಂತು.

ಆ ಹೊತ್ತಿಗೆ ತಂಗಿ ಬಂದು ಜೊತೆಗೆ ಸೇರಿಕೊಂಡಳು. ತಂಗಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದವಳು. ಗಂಡ ತೀರಿಕೊಂಡಿದ್ದ, ಮಂಡಿ ಸವೆದಿತ್ತು, ಇನ್ನು ನಿಂತು ಕೆಲಸ ಮಾಡಲಾಗದು ಎಂದು ಬಿಟ್ಟು ಬಂದಿದ್ದಳು. ತಂದ ಸಾಮಾನಿನಲ್ಲಿ ಭಾರವಾದದ್ದು ಒಂದು ಕಬ್ಬಿಣದ ಬಾಣಲೆ. ಅವಳಿಗೆ ಅಡುಗೆ ಎಂದರೆ ಮೂಗು. ಮುಚ್ಚಳ ತೆಗೆಯದೆಯೇ ಉಪ್ಪು ಕಡಿಮೆ ಎಂದು ಹೇಳುತ್ತಿದ್ದಳಂತೆ. ಬಂದ ಸಂಜೆಯೇ ಬೆಣ್ಣೆಯಲ್ಲಿ ಈರುಳ್ಳಿ ಹುರಿದು, ಯಂತ್ರದ ಮುಂದೆ ಕೂತಿದ್ದ ಅಕ್ಕನನ್ನು ಕೂಗಿ, ಹೇಗಿದೆ ಪರಿಮಳ ಎಂದು ಕೇಳಿದಳು.

ಅಕ್ಕ ಯಂತ್ರ ನಿಲ್ಲಿಸಿದಳು. ಆಮೇಲೆ, ಬೀದಿಯ ತುದಿಯವರೆಗೂ ಬರುತ್ತಿರಬೇಕು ಎಂದಳು.

ಹೇಳುವುದಿದ್ದರೆ ಆವತ್ತೇ ಹೇಳಬೇಕಿತ್ತು. ಗಂಡ ಹೋಗಿ, ಕೆಲಸ ಹೋಗಿ, ಬಾಣಲೆಯೊಂದನ್ನು ಹೊತ್ತು ಬಂದವಳಿಗೆ, ನೀನು ಮಾಡಿದ್ದು ನನಗೆ ಬಿಸಿ ಹೊಟ್ಟಿನ ಹಾಗೆ ಅನಿಸುತ್ತದೆ ಎಂದು ಬಂದ ದಿನವೇ ಹೇಳುವುದು ಹೇಗೆ? ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅಂತಾರಲ್ಲ, ಹಾಗಾಯಿತು. ಬೆಳ್ಳುಳ್ಳಿ ಹುರಿದರೆ ಆಹಾ, ಕಾಫಿ ಬಸಿದರೆ ಆಹಾ. ಒಂದು ಸಲ ತಂಗಿ ಇನ್ನೂ ಒಲೆಯನ್ನೇ ಹಚ್ಚಿರಲಿಲ್ಲ, ಅಕ್ಕ ಮುಂದಿನ ಕೋಣೆಯಿಂದಲೇ ಘಮ್ಮೆನ್ನುತ್ತಿದೆ ಎಂದುಬಿಟ್ಟಳು. ತಂಗಿ ಅದನ್ನು ತಮಾಷೆ ಎಂದುಕೊಂಡಳು.

ತಾರೀಕು ನೋಡುವ ಅಕ್ಕನ ಚಾಳಿ ಮಾತ್ರ ತಂಗಿಗೆ ಕಣ್ಣಿಗೆ ಬಿದ್ದ ಕಸ. ನಿನ್ನೆ ತಾರೀಕು ಮುಗಿದ ಹಾಲನ್ನು ಅಕ್ಕ ಬಚ್ಚಲಿಗೆ ಸುರಿಯಹೋದರೆ ಅವಳು ಕೈ ಹಿಡಿಯುತ್ತಿದ್ದಳು. ಮೂಗು ಇರುವುದು ಕನ್ನಡಕ ಕೂರಿಸುವುದಕ್ಕಾ ಎಂದು ಕೇಳುತ್ತಿದ್ದಳು. ಅಂಗಡಿಗೆ ಜೊತೆಯಲ್ಲಿ ಹೋದರೆ ಅಕ್ಕ ಬುಟ್ಟಿ ತುಂಬುವಾಗ ಇವಳು ಪಾತ್ರೆಗಳ ಸಾಲಿನಲ್ಲಿ ಪರಿಚಯವೇ ಇಲ್ಲದವಳಂತೆ ನಿಲ್ಲುತ್ತಿದ್ದಳು.

ಕೆನೆಯ ಡಬ್ಬಿಯ ಪ್ರಕರಣ ನಡೆದದ್ದು ಚಳಿ ಇಳಿಯುತ್ತಿದ್ದ ಒಂದು ಬೆಳಗ್ಗೆ. ತಂಗಿಗೆ ಕೆನೆ ಬೇಕಿತ್ತು. ತಣ್ಣನೆಯ ಕಪಾಟಿನಿಂದ ಅಕ್ಕ ಒಂದು ಡಬ್ಬಿ ತೆಗೆದು ತಿರುಗಿಸಿದಳು. ತಾರೀಕು ಸರಿಯಾಗಿತ್ತು. ಆದರೆ ಚೀಟಿಯ ಅಂಚು ಬೆರಳಿಗೆ ದಪ್ಪ ಅನಿಸಿತು. ಉಗುರಿನಿಂದ ಮೆಲ್ಲಗೆ ಎತ್ತಿದಳು. ಕೆಳಗೆ ಇನ್ನೊಂದು ಚೀಟಿ, ಹಳೆಯ ತಾರೀಕು. ಪಕ್ಕದ ಡಬ್ಬಿಯಲ್ಲೂ ಹಾಗೆಯೇ, ಅದರ ಪಕ್ಕದ್ದರಲ್ಲೂ. ಇಷ್ಟು ದಿನ ಅವಳು ಕಂಡದ್ದು ಮರೆವು ಅಥವಾ ಸೋಮಾರಿತನ. ಇದು ಅದಲ್ಲ.

ಅವಳು ಡಬ್ಬಿಗಳನ್ನು ತಂದು ಹಣ ಕೊಡುವ ಜಾಗದಲ್ಲಿ ಇಟ್ಟಳು. ಮ್ಯಾನೇಜರ ಬಂದ. ಕಾರ್ಖಾನೆಯಲ್ಲೇ ತಪ್ಪಾಗಿ ಅಂಟಿಸಿ ಮತ್ತೆ ಸರಿಪಡಿಸಿರಬೇಕು ಎಂದ. ಸಾಲಿನಲ್ಲಿ ನಿಂತವರು ಇಣುಕಿ ನೋಡತೊಡಗಿದಾಗ ಅವನ ಕಿವಿ ಕೆಂಪಾಯಿತು. ಒಂದು ಡಬ್ಬಿಯ ಮುಚ್ಚಳ ಕಿತ್ತು ಅವಳ ಮುಖದ ಮುಂದೆ ಹಿಡಿದ.

"ನೀವೇ ವಾಸನೆ ನೋಡಿ ಮೇಡಂ. ಕೆಟ್ಟಿದೆ ಅಂದ್ರೆ ಇಲ್ಲೇ ನಿಂತು ನಾನೇ ತಿಂತೀನಿ."

ಪರದೆಯಕ್ಕ ಡಬ್ಬಿಯನ್ನು ನೋಡಿದಳು. ಆಗ ಪಾತ್ರೆಗಳ ಸಾಲಿನಿಂದ ತಂಗಿ ಬಂದಳು. ನಾಚಿಕೆಯಿಂದ ಈ ಪ್ರಸಂಗವನ್ನು ಬೇಗ ಮುಗಿಸಬೇಕೆಂದಿತ್ತು ಅವಳಿಗೆ. ಡಬ್ಬಿ ಇಸಿದುಕೊಂಡು ಮೂಸಿದಳು.

"ಚೆನ್ನಾಗೇ ಇದೆಯಲ್ಲೇ ಅಕ್ಕ. ಏನೂ ಆಗಿಲ್ಲ ಇದಕ್ಕೆ. ಸುಮ್ನೆ ಬಾ."

ಸಾಲಿನಲ್ಲಿ ಯಾರೋ ನಕ್ಕರು. ಮ್ಯಾನೇಜರ ಕೈ ಚೆಲ್ಲಿ, ನಿಮ್ಮ ಮನೆಯವರೇ ಹೇಳುತ್ತಿದ್ದಾರಲ್ಲ ಎಂದ. ಪರದೆಯಕ್ಕನ ದನಿ ಏರಲಿಲ್ಲ. ಪರದೆಯ ಅಳತೆ ಹೇಳುವಾಗಿನ ದನಿಯಲ್ಲೇ ಹೇಳಿದಳು:

"ನನಗೆ ವಾಸನೆ ಬರಲ್ಲ. ಬಿದ್ದು ತಲೆಗೆ ಪೆಟ್ಟಾದಾಗಿಂದ ಏನೂ ಬರಲ್ಲ. ಈ ಚೀಟಿಲಿ ಬರೆದಿದ್ದನ್ನ ನಂಬ್ಕೊಂಡೇ ನಾನು ತಿನ್ನೋದು. ಅದನ್ನೂ ನೀವು ಸುಳ್ಳು ಮಾಡಿದ್ರೆ ನಾನು ಇನ್ಯಾರನ್ನ ಕೇಳ್ಲಿ?"

ಯಾರೂ ನಗಲಿಲ್ಲ. ತಂಗಿ ಡಬ್ಬಿಯನ್ನು ಕೆಳಗಿಟ್ಟಳು. ಮ್ಯಾನೇಜರ ಹತ್ತಿರ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ, ಇದು ಕಂಪನಿಯ ಆಜ್ಞೆ, ಮೇಲಿನಿಂದ ಬಂದದ್ದು ಮೇಡಂ, ನನ್ನ ಕೈಯಲ್ಲಿ ಏನಿದೆ ಎಂದ. ಅವಳು ಡಬ್ಬಿಗಳಿಗೆ ಹಣ ಕೊಟ್ಟು ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು.

ದಾರಿಯುದ್ದಕ್ಕೂ ತಂಗಿ ಒಂದು ಹೆಜ್ಜೆ ಹಿಂದೆಯೇ ನಡೆದಳು. ಮನೆಗೆ ಬಂದು, ಚಪ್ಪಲಿ ಬಿಟ್ಟು, ಬಾಣಲೆಯನ್ನು ತೊಳೆದಿದ್ದರೂ ಮತ್ತೊಮ್ಮೆ ತೊಳೆದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಮೊನ್ನೆ ಮೀನು ಹುರಿದಾಗ ಹೊಟ್ಟೆ ಹಸಿವು ಕೆರಳ್ತು ಅಂದ್ಯಲ್ಲ?"

"ಅಂದೆ."

"ಅದೂ ಸುಳ್ಳಾ?"

"ಹಸಿವಾಗಿತ್ತು. ಅದು ನಿಜ."

ತಂಗಿಗೆ ಅಕ್ಕನ ಮೂಗು ಹೋದ ದುಃಖಕ್ಕಿಂತ ಅಷ್ಟು ದಿನ ತನ್ನನ್ನು ಮಗುವಿನ ಹಾಗೆ ಆಡಿಸಿದಳಲ್ಲ ಎಂಬ ಸಿಟ್ಟೇ ಹೆಚ್ಚಾಯಿತು. ಅಂಗಡಿಯ ಮಂದಿಯ ಎದುರು ಹೇಳಲು ಬಾಯಿ ಬಂತು, ಒಡಹುಟ್ಟಿದವಳಿಗೆ ಹೇಳಲು ಬರಲಿಲ್ಲ ಎಂದು ದೂರಿದಳು. ಮೂರು ಹೊತ್ತೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಂದು ಕುಕ್ಕಿದಳು. ನಿನಗೆ ಯಾವುದಾದರೇನು, ಎಲ್ಲ ಒಂದೇ ಎಂದಳು. ಅಕ್ಕ ಎದುರು ಮಾತಾಡದೆ ತಿಂದಳು. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ, ಸುಳ್ಳು ಹೇಳುವ ಕೆಲಸ ಮುಗಿದದ್ದಕ್ಕೆ ಮೈ ಹಗುರವಾಗಿತ್ತು.

ಮರುದಿನವೇ ಅವಳು ಡಬ್ಬಿಗಳನ್ನು ತೆಗೆದುಕೊಂಡು ಆಹಾರ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿದ್ದ ಅಧಿಕಾರಿ ಒಬ್ಬ ತೆಳ್ಳನೆಯ ಹೆಂಗಸು, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆ ವಾರದಲ್ಲೇ ಅವರು ಹೇಳದೆ ಕೇಳದೆ ಅಂಗಡಿಗೆ ಹೋದರು. ತಣ್ಣನೆಯ ಗೋದಾಮಿನಲ್ಲಿ ಹೊಸ ತಾರೀಕಿನ ಚೀಟಿಗಳ ಸುರುಳಿಯೇ ಸಿಕ್ಕಿತು. ಅಂಗಡಿಗೆ ಬೀಗ ಬಿತ್ತು.

ಬೀದಿಯವರು ಅವಳನ್ನು ಹೊಗಳಿದರು ಎಂದೇನೂ ಇಲ್ಲ. ಅಂಗಡಿ ಮುಚ್ಚಿದ್ದಷ್ಟು ದಿನ ಹಾಲಿಗೂ ಸೊಪ್ಪಿಗೂ ಬಸ್ಸು ಹತ್ತಿ ಹೋಗಬೇಕಾಯಿತು. ಮೇಲಿನ ಮಹಡಿಯ ಮುದುಕರು ಮೆಟ್ಟಿಲಲ್ಲಿ ಸಿಕ್ಕಿ, ನಾವು ಇಷ್ಟು ವರ್ಷ ಅಲ್ಲೇ ತಿಂದು ಗುಂಡುಕಲ್ಲಿನ ಹಾಗೆ ಇಲ್ಲವೇ ಎಂದರು. ಇಬ್ಬರು ಗಿರಾಕಿಗಳು ಪರದೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಈ ಕಾರಣಕ್ಕೋ, ಇನ್ನೇನಕ್ಕೋ, ಅವಳು ಕೇಳಲು ಹೋಗಲಿಲ್ಲ. ಆ ದಿನಗಳಲ್ಲಿ ಅವಳ ಪರ ನಿಂತವಳು ತಂಗಿಯೇ. ಮುದುಕರು ಮತ್ತೊಮ್ಮೆ ಗುಂಡುಕಲ್ಲಿನ ಮಾತು ತೆಗೆದಾಗ, ಗುಂಡುಕಲ್ಲಿಗೆ ಹೊಟ್ಟೆ ಕೆಡುವುದಿಲ್ಲ, ಮನುಷ್ಯರಿಗೆ ಕೆಡುತ್ತದೆ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿ ಮೇಲೆ ಕಳಿಸಿದಳು. ಮನೆಯೊಳಗೆ ಮಾತ್ರ ಇನ್ನೂ ಬ್ರೆಡ್ಡೇ ನಡೆಯುತ್ತಿತ್ತು.

ಅಂಗಡಿ ಮತ್ತೆ ತೆರೆದಾಗ ಮ್ಯಾನೇಜರ ಬೇರೆಯವನಾಗಿದ್ದ. ಎಲ್ಲವೂ ಒಬ್ಬ ನೌಕರನ ತಪ್ಪು, ಅವನನ್ನು ತೆಗೆದುಹಾಕಿದ್ದೇವೆ ಎಂದು ಕಂಪನಿ ಹೇಳಿತು. ಪರದೆಯಕ್ಕನಿಗೆ ಇದು ನುಂಗಲಾರದ ತುತ್ತಾಯಿತು. ಮತ್ತೆ ಕಚೇರಿಗೆ ಹೋಗಿ, ಮೇಲಿನಿಂದ ಬಂದದ್ದು ಎಂದು ಹಳೆಯ ಮ್ಯಾನೇಜರ ತನ್ನ ಕಿವಿಯಲ್ಲಿ ಹೇಳಿದ್ದನ್ನು ಅಧಿಕಾರಿಗೆ ತಿಳಿಸಿದಳು. ಅವನು ತನ್ನ ಬಾಯಿಂದಲೇ ಹೇಳಿದರೆ ಮುಂದುವರಿಯಬಹುದು ಎಂದರು ಅವರು. ಅವನು ಹೇಳಲಿಲ್ಲ.

ಬೇಸಿಗೆಯಲ್ಲಿ ಅವಳು ಅವನನ್ನು ಕಂಡಳು. ಪರದೆಯ ಸರಳು ಕೊಳ್ಳಲು ಹೋದ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಅವನು ಮೊಳೆ ತೂಗುತ್ತಿದ್ದ. ಬೀಗದ ಕೈಗಳ ಗೊಂಚಲು ಇರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸರಳಿನ ಉದ್ದದ ಬಗ್ಗೆಯೇ ಮಾತಾಡಿದರು. ನಿಜ ಹೇಳಿಬಿಡಬಹುದಿತ್ತಲ್ಲ ಎಂದು ಕೊನೆಗೆ ಅವಳೇ ಕೇಳಿದಳು.

"ಹೇಳಿದ್ರೆ ಇಲ್ಲೂ ಕೆಲಸ ಸಿಗ್ತಿರ್ಲಿಲ್ಲ ಮೇಡಂ," ಎಂದ ಅವನು, ತಕ್ಕಡಿಯಿಂದ ಕಣ್ಣು ತೆಗೆಯದೆ. "ನಿಮ್ಮ ಮೇಲೆ ನನಗೆ ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಮೊಳೆ ಮಾರೋದು ಪರವಾಗಿಲ್ಲ. ಹಳಸಲ್ಲ."

ಅವಳು ಸರಳುಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಅವನನ್ನು ಕಂಡದ್ದನ್ನು ತಂಗಿಗೆ ಹೇಳಿದಳು. ಇಬ್ಬರೂ ಅವನನ್ನು ಬೈಯಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ.

ಬ್ರೆಡ್ಡಿನ ಮುನಿಸು ಯಾವಾಗ ಮುಗಿಯಿತೆಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಒಂದು ದಿನ ತಂಗಿ ನಿಂಬೆಹಣ್ಣು ಹಿಂಡಿ ಮೆಣಸು ಉದುರಿಸಿದ ಆಲೂಗಡ್ಡೆಯನ್ನು ತಂದಿಟ್ಟು, ಇದು ತಿಳಿಯುತ್ತಾ ಎಂದು ಕೇಳಿದಳು. ತಿಳಿಯಿತು. ಮತ್ತೊಂದು ದಿನ ಗರಿಗರಿಯಾಗಿ ಹುರಿದ ಕಡಲೆಬೀಜವನ್ನು ತಣ್ಣನೆಯ ಮೊಸರಿನ ಮೇಲೆ ಸುರಿದಳು. ಹಲ್ಲಿಗೆ ಸಿಗುವುದು, ನಾಲಿಗೆ ಚುರುಗುಟ್ಟಿಸುವುದು, ಬಿಸಿಯ ಪಕ್ಕದಲ್ಲಿ ತಣ್ಣಗಿರುವುದು ಎಂದು ಅವಳ ಅಡುಗೆ ಬೇರೆ ದಾರಿ ಹಿಡಿಯಿತು. ಕ್ಯಾಂಟೀನಿನಲ್ಲಿ ಇಂಥದ್ದು ಮಾಡಿದ್ದರೆ ತಟ್ಟೆ ಎಸೆಯುತ್ತಿದ್ದರು ಎಂದು ತಾನೇ ಹೇಳಿಕೊಳ್ಳುತ್ತಾಳೆ. ಕೆಲವೊಮ್ಮೆ ತೀರಾ ಕೆಡುತ್ತದೆ. ಆಗ ಅಕ್ಕ ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುತ್ತಾಳೆ, ತಂಗಿ ಸಿಡುಕುತ್ತಾಳೆ, ಮರುದಿನ ಬೇರೊಂದು ಮಾಡುತ್ತಾಳೆ. ವಾಸನೆ ತಿರುಗಿ ಬಂದಿಲ್ಲ. ಡಾಕ್ಟರ ಹತ್ತಿರ ಅದನ್ನು ಕೇಳುವುದನ್ನೂ ಪರದೆಯಕ್ಕ ಬಿಟ್ಟಿದ್ದಾಳೆ.