ಅರ್ಧ ಮಾರ್ಕಿನ ಟೀಚರ್

ನಮ್ಮ ಶಾಲೆಯ ಮೂರನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಅರ್ಧ ಮಾರ್ಕ್’. ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಯಾರಿಗೂ ಸೊನ್ನೆ ಹಾಕಿದವರಲ್ಲ. ಉತ್ತರದ ಜಾಗದಲ್ಲಿ ಬೆಕ್ಕಿನ ಚಿತ್ರ ಬರೆದಿಟ್ಟರೂ ಮೀಸೆ ಚೆನ್ನಾಗಿದೆಯೆಂದು ಅರ್ಧ ಮಾರ್ಕು. ಹಾಗಂತ ಪೂರ್ತಿ ಮಾರ್ಕನ್ನೂ ಕೊಡುವವರಲ್ಲ. ಕೊಟ್ಟರೆ ಮಕ್ಕಳು ತಲೆ ಮೇಲೆ ಕೂರುತ್ತಾರಂತೆ. ಪಕ್ಕದ ಕೋಣೆಯಲ್ಲಿ ಲೆಕ್ಕ ಕಲಿಸುವ ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಎಷ್ಟೋ ಸಲ ಜಗಳವಾಡಿದ್ದೇನೆ. ಅವರು ನಕ್ಕು ಕೆಂಪು ಪೆನ್ನಿನ ಮುಚ್ಚಳ ಹಾಕುತ್ತಾರೆ, ಅಷ್ಟೇ.

ಅವರ ತರಗತಿಯಲ್ಲಿ ಒಬ್ಬ ಹುಡುಗಿ, ಎಲ್ಲರ ಬಾಯಲ್ಲೂ ಬುಗುರಿ. ಬಿದ್ದ ಪೆನ್ಸಿಲು ಹುಡುಕಲು ಬೆಂಚಿನಡಿ ನುಗ್ಗಿದರೆ ಮೂರು ಬೆಂಚು ದಾಟಿ, ದಾರಿಯುದ್ದಕ್ಕೂ ಬೂಟಿನ ಲೇಸು ಬಿಚ್ಚಿ, ಪೆನ್ಸಿಲಿಲ್ಲದೆ ಮೇಲೇಳುತ್ತಿದ್ದಳು. ಜಾಣೆ. ಆದರೆ ಯಾವ ಕಥೆ ಪುಸ್ತಕದಲ್ಲೂ ಎರಡನೇ ಪುಟ ದಾಟಿದವಳಲ್ಲ. ಅದಕ್ಕಾಗಿ ಮನೆಯಲ್ಲಿ ಅಳುತ್ತಾಳೆಂದು ಅವಳಮ್ಮ ಹೇಳಿದಾಗ ನನಗೂ ಸಂಕಟವಾಯಿತು.

ಇದು ತುಂಟತನವಲ್ಲ, ಎಡಿಎಚ್‌ಡಿ ಎಂಬ ಗಮನದ ತೊಂದರೆ ಎಂದರು ಮಕ್ಕಳ ಡಾಕ್ಟರು. ಔಷಧವೇನೋ ಇದೆ, ಇವಳಿಗೆ ಒಗ್ಗುತ್ತದೋ ಇಲ್ಲವೋ ಅಳೆದೇ ನೋಡಬೇಕು. ನಾಲ್ಕು ವಾರಕ್ಕೆ ಒಂದೇ ಥರದ ಕ್ಯಾಪ್ಸೂಲು ಕೊಟ್ಟರು. ಎರಡು ವಾರದವುಗಳಲ್ಲಿ ಔಷಧ, ಉಳಿದವುಗಳಲ್ಲಿ ಹುಸಿ ಪುಡಿ. ಯಾವ ವಾರ ಯಾವುದೆಂಬ ಗುಟ್ಟು ಮುಚ್ಚಿದ ಲಕೋಟೆಯಲ್ಲಿ. ಸಂಜೆ ಮನೆ ಸೇರುವ ಹೊತ್ತಿಗೆ ಔಷಧದ ಕಸುವು ಇಳಿಯುವುದರಿಂದ ಟೀಚರ ಮಾತೇ ಮುಖ್ಯ. ಪ್ರತಿ ಶುಕ್ರವಾರ ಅವರು ಒಂದು ಹಾಳೆ ತುಂಬಬೇಕು: ಎದ್ದು ಓಡಾಡುತ್ತಾಳೆಯೇ, ವಸ್ತು ಕಳೆಯುತ್ತಾಳೆಯೇ, ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುತ್ತಾಳೆಯೇ? ತೊಂದರೆ ಇಲ್ಲದಿದ್ದರೆ ಸೊನ್ನೆ, ವಿಪರೀತವಾದರೆ ಮೂರು.

ನಾಲ್ಕು ವಾರ ಕಳೆದು ಬುಗುರಿಯ ಅಮ್ಮ ಹಾಳೆಗಳನ್ನು ಹಿಡಿದು ಸ್ಟಾಫ್ ರೂಮಿಗೆ ಬಂದರು. ಮುಖ ಬಾಡಿತ್ತು.

“ಯಾವ ವಾರಕ್ಕೂ ವ್ಯತ್ಯಾಸಾನೇ ಇಲ್ವಂತೆ ಟೀಚರ್. ಹೀಗಾದ್ರೆ ಔಷಧ ನಿಲ್ಲಿಸ್ಬೇಕಾಗುತ್ತೆ ಅಂದ್ರು ಡಾಕ್ಟ್ರು.”

ನಾನು ಹಾಳೆಗಳನ್ನು ಎಳೆದುಕೊಂಡು ನೋಡಿದೆ. ಎಲ್ಲ ಒಂದು, ಎರಡು, ಒಂದು, ಎರಡು. ಪಕ್ಕದಲ್ಲೇ ಕೂತಿದ್ದ ಅರ್ಧ ಮಾರ್ಕಿನ ಟೀಚರತ್ತ ತಿರುಗಿದೆ.

“ಅಕ್ಕಾ, ಎರಡನೇ ವಾರ ಅವಳು ಕಿಟಕಿ ಹತ್ತಿ ನನ್ನ ಕ್ಲಾಸಿಗೇ ಬಂದಿದ್ಳು. ಅದಕ್ಕೆ ಬರೀ ಎರಡಾ?”

“ಮೂರು ಹಾಕಿದ್ರೆ ಮಗು ನೊಂದ್ಕೊಳ್ಳಲ್ವೇನಪ್ಪಾ?”

“ಮೂರನೇ ವಾರ ಕೂತ ಜಾಗ ಬಿಟ್ಟು ಏಳ್ಲಿಲ್ಲ. ಅದಕ್ಯಾಕೆ ಒಂದು?”

“ಸೊನ್ನೆ ಹಾಕೋದಾ? ನಾನಾ?”

ನನಗೆ ಸಿಟ್ಟು ನೆತ್ತಿಗೇರಿತು. “ಪರೀಕ್ಷೆ ಅವಳಿಗಲ್ಲ ಅಕ್ಕಾ, ಔಷಧಕ್ಕೆ! ನೀವು ಅರ್ಧ ಮಾರ್ಕು ಕೊಟ್ಟು ಹುಸಿ ಪುಡಿನೂ ಪಾಸು ಮಾಡಿದೀರ!”

ಅವರು ನಾಲ್ಕೂ ಹಾಳೆಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ ನಮ್ಮೆದುರೇ ಡಾಕ್ಟರಿಗೆ ಫೋನ್ ಮಾಡಿ, ತಪ್ಪು ನನ್ನದೇ ಎಂದರು. ಲಕೋಟೆ ಒಡೆಯದೆ, ಒಂದು ವಾರ ಔಷಧ, ಒಂದು ವಾರ ಹುಸಿ ಪುಡಿ ಎಂದು ಇನ್ನೆರಡು ವಾರ ಗುಟ್ಟಾಗಿಯೇ ನೋಡೋಣವೆಂದು ಡಾಕ್ಟರು ಒಪ್ಪಿದರು.

ಮೊದಲ ಶುಕ್ರವಾರ ಟೀಚರು ಹಲ್ಲು ಕಚ್ಚಿ ಮೂರು, ಮೂರು, ಮೂರು ಎಂದು ಬರೆದರು. ಹೆಗಲ ಮೇಲಿಂದ ಇಣುಕಿದ ಬುಗುರಿ, “ಮೂರಕ್ಕೆ ಮೂರು! ನಂಗೆ ಫುಲ್ ಮಾರ್ಕ್ಸ್!” ಎಂದು ಕಾರಿಡಾರಿನ ತುಂಬ ಕುಣಿದಳು.

ಅದರ ಮುಂದಿನ ವಾರ ಕೋಣೆ ತಣ್ಣಗಿತ್ತು. “ನೀವು ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀರ ಟೀಚರ್! ನಂಗೆ ಗೊತ್ತೇ ಇರ್ಲಿಲ್ಲ,” ಎಂದಳಂತೆ ಬುಗುರಿ. ಊಟದ ಡಬ್ಬಿ ಮಾತ್ರ ದಿನವೂ ಅರ್ಧ ಉಳಿಯುತ್ತಿತ್ತು. ಟೀಚರು ಅದನ್ನೂ ಬಚ್ಚಿಡದೆ ಬರೆದುಕೊಂಡರು. ಮುಂದೆ ಲಕೋಟೆ ತೆರೆದಾಗ ಅದು ಔಷಧದ ವಾರವೇ ಆಗಿತ್ತು, ಔಷಧದಿಂದ ಹಸಿವು ಕುಗ್ಗಿದ್ದ ಕಾರಣಕ್ಕೆ ಡಾಕ್ಟರು ಪ್ರಮಾಣವನ್ನು ತುಸು ಇಳಿಸಿ ಮುಂದುವರಿಸಿದರು. ಆದರೆ ನನಗೆ ನೆನಪಿರುವುದು ಆ ಶುಕ್ರವಾರ.

ನಾನು ಸೀಮೆಸುಣ್ಣ ಕೇಳಲು ಹೋಗಿದ್ದೆ. ಬುಗುರಿ ಕಥೆ ಪುಸ್ತಕವನ್ನು ಎದೆಗವಚಿಕೊಂಡು ಮೇಜಿನ ಪಕ್ಕ ನಿಂತಿದ್ದಳು.

“ಕೊನೇಲಿ ನರಿ ಮನೆಗೆ ವಾಪಸ್ ಬರುತ್ತೆ ಟೀಚರ್. ಅದು ಕಳೆದೇ ಹೋಯ್ತು ಅಂದ್ಕೊಂಡಿದ್ದೆ.”

ಟೀಚರ ಕಣ್ಣು ತುಂಬಿ ಬಂತು. ಹಾಳೆಯನ್ನು ಹತ್ತಿರ ಎಳೆದು, ‘ಅರ್ಧಕ್ಕೆ ಬಿಡುತ್ತಾಳೆಯೇ’ ಎಂಬುದರ ಮುಂದೆ ಕೆಂಪು ಪೆನ್ನನ್ನು ನಿಧಾನವಾಗಿ ಸುತ್ತಿಸಿದರು. ಆಮೇಲೆ ಹಾಳೆಯನ್ನು ನನ್ನತ್ತ ತಿರುಗಿಸಿದರು.

“ನೋಡಪ್ಪಾ, ಮೊದಲನೇ ಸಲ ಹಾಕಿದ್ದು. ಎಷ್ಟು ದುಂಡಗೆ ಬಂದಿದೆ.”